ಅಮೃತಸರ ದರ್ಶನದ ಕ್ರಮವಿಚಾರ

ಸಿಖ್ಖರ ಪವಿತ್ರ ಕ್ಷೇತ್ರಗಳಲ್ಲಿ ಅಗ್ರಗಣ್ಯವಾದ ಅಮೃತಸರ ನಗರವನ್ನು ಎರಡು ದಿನಗಳ ಅಲ್ಪಾವಧಿಯಲ್ಲಿ ನೋಡಿಬರಲು ಬಯಸುವವರು ನಮ್ಮಲ್ಲಿ ಬಹುಮಂದಿ ಇರುವರು. ಸಿಖ್ ಸಂಪ್ರದಾಯವು ಕನ್ನಡಿಗರಿಗೆ ತೀರ ಅಪರಿಚಿತವಾದುದಲ್ಲ. ಗುರು ನಾನಕರ ಸಂಚಾರದ ಸ್ಮರಣೆಯನ್ನು ಬೀದರಿನ ನಾನಕ್ ಝರಾ ಇಂದಿಗೂ ಉಳಿಸಿಕೊಂಡಿದೆ. 1699ರಲ್ಲಿ ಆನಂದಪುರದಲ್ಲಿ ಖಾಲ್ಸಾ ಪಂಥವು ಸ್ಥಾಪಿತವಾದಾಗ ತಲೆಯನ್ನೊಪ್ಪಿಸಲು ಮುಂದೆ ಬಂದ ಐವರಲ್ಲಿ ಭಾಯಿ ಸಾಹಿಬ್ ಸಿಂಹರು ಬೀದರಿನವರೆಂಬುದು ಆ ಪಂಥದ ಐತಿಹ್ಯ. ಹೀಗಿದ್ದರೂ ಅಮೃತಸರಕ್ಕೆ ಹೋಗುವ ನಮ್ಮ ಯಾತ್ರಿಕರು ಸ್ವರ್ಣಮಂದಿರವನ್ನು ಒಂದು ಗಳಿಗೆ, ಜಲಿಯನ್‌ವಾಲಾ ಬಾಗನ್ನು ಅರೆಗಳಿಗೆ ನೋಡಿ, ಸಂಜೆಗೆ ಗಡಿಯ ಕವಾಯತಿಗೆ ಧಾವಿಸುವುದೇ ಹೆಚ್ಚು. ಆ ನಗರವನ್ನು ಯಾವ ಕ್ರಮದಲ್ಲಿ ನೋಡಿದರೆ ಅದರ ಚರಿತ್ರೆ ತಿಳಿಯುವುದೆಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಕ್ರಮವನ್ನು ಗೊತ್ತುಮಾಡುವ ಮೊದಲು ಒಂದು ತೊಡಕನ್ನು ಬಿಡಿಸಿಕೊಳ್ಳಬೇಕಾಗಿದೆ. ಕರ್ನಾಟಕದ ಇತಿಹಾಸಾಸಕ್ತನು ಕಲ್ಲನ್ನು ಓದಿ ಬೆಳೆದವನು. ಗುಡಿಯ ಮುಂದಣ ಶಾಸನ, ಕಂಬದ ಕಡೆತ, ಶಿಖರದ ಶೈಲಿ ಇವುಗಳಿಂದ ಕಾಲವನ್ನು ನಿರ್ಣಯಿಸುವುದು ಅವನ ಅಭ್ಯಾಸ. ಈ ಅಭ್ಯಾಸದೊಡನೆ ಅಮೃತಸರಕ್ಕೆ ಹೋದವನಿಗೆ ನಿರಾಶೆಯಾಗುವ ಸಂಭವ ಉಂಟು. ಅಲ್ಲಿ 16ನೆಯ ಶತಮಾನದ ಕ್ಷೇತ್ರದಲ್ಲಿ 16ನೆಯ ಶತಮಾನದ ಗೋಡೆಯು ಕಣ್ಣಿಗೆ ಬೀಳುವುದಿಲ್ಲ. ಹಂಪೆಯ ವಿಜಯವಿಠ್ಠಲ ದೇವಾಲಯದಲ್ಲಿ ಕಲ್ಲು ಉಳಿದು ಪೂಜೆ ನಿಂತಿತು. ಅಮೃತಸರದಲ್ಲಿ ಕಲ್ಲು ಹಲವು ಬಾರಿ ಹೋಗಿ ಆರಾಧನೆ ಉಳಿಯಿತು. ಆದುದರಿಂದ ಆ ಕ್ಷೇತ್ರದ ಪ್ರಾಚೀನತೆಯನ್ನು ಕಟ್ಟಡದ ವಯಸ್ಸಿನಿಂದಲ್ಲ, ಸ್ಥಳದ ವಿನ್ಯಾಸದಿಂದಲೂ ನಿತ್ಯಕ್ರಮದಿಂದಲೂ ಅಳೆಯಬೇಕು. ಯಾತ್ರೆಯ ವೇಳಾಪಟ್ಟಿಯೂ ಇದನ್ನೇ ಅನುಸರಿಸತಕ್ಕುದು. ಮೊದಲ ದಿನವನ್ನು ಗುರುಗಳ ಕಾಲಕ್ಕೂ 18ನೆಯ ಶತಮಾನಕ್ಕೂ, ಎರಡನೆಯ ದಿನವನ್ನು 19 ಮತ್ತು 20ನೆಯ ಶತಮಾನಗಳಿಗೂ ಮೀಸಲಿಡುವುದು ಯುಕ್ತ.

1. ಸರೋವರ ಮತ್ತು ಮಂದಿರ

ಯಾತ್ರಿಕನು ಹಿಂದಿನ ಸಂಜೆಯೇ ಊರನ್ನು ಸೇರಿ, ರಾತ್ರಿಯ ಹೊತ್ತಿಗೆ ಸರೋವರದ ದಡದಲ್ಲಿರುವುದು ಉತ್ತಮ. ನಗರಕ್ಕೆ ಹೆಸರನ್ನು ಕೊಟ್ಟುದು ಈ ಸರೋವರವೇ. ನಾಲ್ಕನೆಯ ಗುರುಗಳಾದ ರಾಮದಾಸರು 1577ರಲ್ಲಿ ಇದನ್ನು ತೋಡಿಸಿದರು. ಸುತ್ತಲೂ ನೆಲೆಗೊಂಡ ಊರಿಗೆ ಮೊದಲು ರಾಮದಾಸಪುರವೆಂದು ಹೆಸರಾಗಿ, ತರುವಾಯ ಸರೋವರದ ಹೆಸರೇ ಊರಿಗೂ ನಿಂತಿತು. ಈ ನೆಲವು ಹೇಗೆ ದೊರೆಯಿತೆಂಬುದರಲ್ಲಿ ಎರಡು ಹೇಳಿಕೆಗಳುಂಟು: ಅಕ್ಬರನು ದತ್ತಿಯಾಗಿ ಕೊಟ್ಟನೆಂಬುದು ಒಂದು, ತುಂಗ್ ಗ್ರಾಮದ ಒಡೆಯರಿಂದ ಹಣಕೊಟ್ಟು ಕೊಂಡರೆಂಬುದು ಇನ್ನೊಂದು. ಇವೆರಡರಲ್ಲಿ ಯಾವುದನ್ನು ಒಪ್ಪಿದರೂ, ಊರು ಹುಟ್ಟಿದುದು ರಾಜಧಾನಿಯಾಗಿ ಅಲ್ಲ, ನೀರಿನ ಸುತ್ತ ಸೇರಿದ ಭಕ್ತರ ಮತ್ತು ವರ್ತಕರ ನೆಲೆಯಾಗಿ ಎಂಬುದರಲ್ಲಿ ಭೇದವಿಲ್ಲ.

ಐದನೆಯ ಗುರುಗಳಾದ ಅರ್ಜುನದೇವರು 1588-89ರ ಸುಮಾರಿಗೆ ಸರೋವರದ ನಡುವೆ ಹರಿಮಂದಿರಕ್ಕೆ ಅಸ್ತಿಭಾರವನ್ನು ಹಾಕಿಸಿದರು. ಲಾಹೋರಿನ ಸೂಫಿ ಸಂತ ಮಿಯಾನ್ ಮೀರರು ಮೊದಲ ಇಟ್ಟಿಗೆಯನ್ನಿಟ್ಟರೆಂಬ ಮಾತು ಬಹಳ ಪ್ರಸಿದ್ಧವಾಗಿದೆ; ಆದರೆ ಸಮಕಾಲೀನ ಸಿಖ್ ಬರಹಗಳಲ್ಲಿ ಇದಕ್ಕೆ ಆಧಾರ ದೊರೆಯುವುದಿಲ್ಲ. ಐತಿಹ್ಯವೆಂದು ಇದನ್ನು ಗೌರವಿಸಬಹುದು, ಪ್ರಮಾಣವೆಂದು ಹಿಡಿಯಲಾಗದು. ಮಂದಿರದ ವಿನ್ಯಾಸವಾದರೋ ಯಾವ ಪ್ರಮಾಣವನ್ನೂ ಬೇಡದೆ ತನ್ನ ಅರ್ಥವನ್ನು ತಾನೇ ಸಾರುತ್ತದೆ. ನಮ್ಮ ದೇವಾಲಯಗಳು ಎತ್ತರದ ಜಗತಿಯ ಮೇಲೆ ನಿಲ್ಲುವುವು. ಇಲ್ಲಿ ಯಾತ್ರಿಕನು ಮೆಟ್ಟಿಲಿಳಿದು ಕೆಳಕ್ಕೆ ಹೋಗಬೇಕು. ಗರ್ಭಗೃಹಕ್ಕೆ ಒಂದೇ ಬಾಗಿಲಿರುವುದು ವಾಡಿಕೆ. ಇಲ್ಲಿ ನಾಲ್ಕು ದಿಕ್ಕಿಗೂ ನಾಲ್ಕು ಬಾಗಿಲುಗಳುಂಟು. ಎಲ್ಲ ವರ್ಣದವರಿಗೂ ಎಲ್ಲ ದೇಶದವರಿಗೂ ಪ್ರವೇಶವುಂಟೆಂಬುದು ಇದರ ತಾತ್ಪರ್ಯವೆಂದು ವಿವರಿಸುವರು. ಸುಮಾರು 150 ಮೀಟರ್ ಚದರದ ಸರೋವರ, ಅದರ ನಡುವಣ ಚಿಕ್ಕ ಮಂದಿರ, ದಡದಿಂದ ಅದಕ್ಕೆ ಹೋಗುವ ಕಿರುಸೇತುವೆ, ಸುತ್ತಲಿನ ಪ್ರದಕ್ಷಿಣಪಥ ಇವಿಷ್ಟೇ ಈ ಕ್ಷೇತ್ರದ ಮೂಲರೂಪ. ಮೇಲಣ ಕಟ್ಟಡವು ಎಷ್ಟು ಬಾರಿ ಬದಲಾದರೂ ಈ ರೂಪವು ಬದಲಾಗಲಿಲ್ಲ.

ಅರ್ಜುನದೇವರು ಹಿಂದಿನ ಗುರುಗಳ ವಾಣಿಯನ್ನೂ, ಕಬೀರ, ನಾಮದೇವ, ರವಿದಾಸ, ಶೇಖ್ ಫರೀದ್ ಮೊದಲಾದ ಭಕ್ತರ ರಚನೆಗಳನ್ನೂ ಸಂಗ್ರಹಿಸಿ ಆದಿಗ್ರಂಥವನ್ನು ಸಿದ್ಧಪಡಿಸಿದರು. 1604ರಲ್ಲಿ ಅದನ್ನು ಹರಿಮಂದಿರದಲ್ಲಿ ಪ್ರತಿಷ್ಠಿಸಿ, ವೃದ್ಧರಾದ ಬಾಬಾ ಬುಡ್ಢಾ ಅವರನ್ನು ಮೊದಲ ಗ್ರಂಥಿಗಳನ್ನಾಗಿ ನೇಮಿಸಿದರು. ಹಗಲು ಮಂದಿರದಲ್ಲಿಯೂ ರಾತ್ರಿ ಗುರುಗಳ ವಾಸಗೃಹದಲ್ಲಿಯೂ ಗ್ರಂಥವನ್ನು ಇಡುತ್ತಿದ್ದರೆಂದು ಪರಂಪರೆ ಹೇಳುತ್ತದೆ. ಇಂದಿಗೂ ಪ್ರತಿರಾತ್ರಿ ಗ್ರಂಥಸಾಹಿಬವನ್ನು ಪಲ್ಲಕ್ಕಿಯಲ್ಲಿ ಮಂದಿರದಿಂದ ಅಕಾಲ ತಖ್ತಿಗೆ ಕೊಂಡೊಯ್ದು, ಬೆಳಗಿನ ಜಾವದಲ್ಲಿ ಹಾಗೆಯೇ ಮರಳಿ ತರುವರು. ರಾತ್ರಿಯ ವಿಧಿಗೆ ಸುಖಾಸನವೆಂದೂ ಬೆಳಗಿನದಕ್ಕೆ ಪ್ರಕಾಶವೆಂದೂ ಹೆಸರು. ಸಮಯವು ಋತುವಿಗೆ ತಕ್ಕಂತೆ ಹೆಚ್ಚುಕಡಮೆಯಾಗುವುದರಿಂದ ಅಲ್ಲಿಯೇ ವಿಚಾರಿಸಿಕೊಳ್ಳಬೇಕು. ಈ ಎರಡು ವಿಧಿಗಳನ್ನು ನೋಡದೆ ಬಂದವನು ಚಿನ್ನದ ತಗಡನ್ನು ನೋಡಿ ಬಂದನೇ ಹೊರತು ಕ್ಷೇತ್ರವನ್ನು ನೋಡಿದಂತಾಗಲಿಲ್ಲ. ತಲೆಗೆ ವಸ್ತ್ರ ಹೊದ್ದು, ಪಾದರಕ್ಷೆಯನ್ನು ಹೊರಗಿರಿಸಿ, ಕಾಲು ತೊಳೆದು ಒಳಹೋಗುವುದು ಎಲ್ಲರಿಗೂ ವಿಧಿಸಿದ ನಿಯಮ. ಹೊಗೆಸೊಪ್ಪನ್ನು ಜೊತೆಯಲ್ಲಿಟ್ಟುಕೊಳ್ಳುವುದು ನಿಷಿದ್ಧ.

2. ಅಕಾಲ ತಖ್ತು

ಮುಂಜಾವಿನ ವಿಧಿಯನ್ನು ಕಂಡ ಬಳಿಕ ಅಕಾಲ ತಖ್ತಿನೆದುರು ನಿಂತು ಅದರ ಚರಿತ್ರೆಯನ್ನು ನೆನೆಯುವುದು ಉಚಿತ. 1606ರಲ್ಲಿ ಗುರು ಅರ್ಜುನದೇವರು ಜಹಾಂಗೀರನ ಆಜ್ಞೆಯಿಂದ ಲಾಹೋರಿನಲ್ಲಿ ಮರಣದಂಡನೆಗೆ ಗುರಿಯಾದರು; ಬಾದಶಹನು ತನ್ನ ಆತ್ಮಚರಿತ್ರೆಯಲ್ಲಿಯೇ ಇದನ್ನು ಪ್ರಸ್ತಾಪಿಸಿದ್ದಾನೆ. ಅವರ ಪುತ್ರರಾದ ಆರನೆಯ ಗುರು ಹರಗೋವಿಂದರು ಲೌಕಿಕಾಧಿಕಾರಕ್ಕೂ ಪಾರಮಾರ್ಥಿಕಾಧಿಕಾರಕ್ಕೂ ಗುರುತಾಗಿ ಎರಡು ಖಡ್ಗಗಳನ್ನು ಧರಿಸಿ, ಅದೇ ವರ್ಷ ಮಂದಿರದೆದುರಿಗೆ ಅಕಾಲ ತಖ್ತನ್ನು ಸ್ಥಾಪಿಸಿದರು. ಒಂದರಲ್ಲಿ ಕೀರ್ತನೆ, ಇನ್ನೊಂದರಲ್ಲಿ ತೀರ್ಪು. ಎರಡೂ ಮುಖಾಮುಖಿಯಾಗಿ ನಿಂತಿರುವುದನ್ನು ಯಾತ್ರಿಕನು ಗಮನಿಸಬೇಕು.

ಇಲ್ಲಿಂದ ಮುಂದಿನ ಸಂಗತಿಯು ಹಲವರಿಗೆ ಆಶ್ಚರ್ಯಕರವಾಗಿ ತೋರಬಹುದು. ಗುರು ಹರಗೋವಿಂದರು 1630ರ ದಶಕದಲ್ಲಿ ಅಮೃತಸರವನ್ನು ಬಿಟ್ಟು ಶಿವಾಲಿಕ್ ಬೆಟ್ಟಗಳ ಅಡಿಯ ಕೀರತಪುರಕ್ಕೆ ಹೋದರು. ಬಳಿಕ ಯಾವ ಗುರುವೂ ಇಲ್ಲಿ ನೆಲೆಸಲಿಲ್ಲ. ಗುರುಪೀಠಕ್ಕೆ ಪ್ರತಿಸ್ಪರ್ಧಿಯಾಗಿದ್ದ ಪೃಥೀಚಂದನ ವಂಶದವರು ಬಹುಕಾಲ ಮಂದಿರವನ್ನು ತಮ್ಮ ವಶದಲ್ಲಿಟ್ಟುಕೊಂಡಿದ್ದರು. 1664ರಲ್ಲಿ ಇಲ್ಲಿಗೆ ಬಂದ ಒಂಬತ್ತನೆಯ ಗುರು ತೇಗ್‌ಬಹದ್ದೂರರಿಗೆ ಬಾಗಿಲನ್ನೇ ತೆರೆಯಲಿಲ್ಲವೆಂದು ಪ್ರತೀತಿ. 17ನೆಯ ಶತಮಾನದ ಕೊನೆಗೆ ಭಾಯಿ ಮಣಿಸಿಂಹರು ಬಂದ ಮೇಲೆಯೇ ಕ್ಷೇತ್ರವು ಖಾಲ್ಸಾದ ವಶವಾಯಿತು. ಆದುದರಿಂದ ಅಮೃತಸರದ ಪರಂಪರೆಯು ಎಲ್ಲಿಯೂ ತಡೆಯಿಲ್ಲದೆ ಹರಿದು ಬಂದಿತೆಂದು ಭಾವಿಸಬಾರದು. ಅದು ಕಡಿದುಹೋದುದೂ ಉಂಟು, ಮತ್ತೆ ಕೂಡಿಕೊಂಡುದೂ ಉಂಟು.

3. ಮೂರು ಧ್ವಂಸಗಳು, ಒಂದು ಪುನರ್ನಿರ್ಮಾಣ

18ನೆಯ ಶತಮಾನದಲ್ಲಿ ಈ ಕಡಿತವು ಅತಿ ತೀವ್ರವಾಯಿತು. ದೀಪಾವಳಿಗೂ ವೈಶಾಖಿಗೂ ಸಿಖ್ಖರು ಅಮೃತಸರದಲ್ಲಿ ಸೇರುವುದೇ ಲಾಹೋರಿನ ಸುಬೇದಾರರ ಕಣ್ಣಿಗೆ ಅಪರಾಧವಾಯಿತು. ಅಂಥದೊಂದು ದೀಪಾವಳಿಯ ಕೂಟದ ನಿಮಿತ್ತವಾಗಿಯೇ 1730ರ ದಶಕದಲ್ಲಿ ಮಣಿಸಿಂಹರು ಲಾಹೋರಿನಲ್ಲಿ ಹತರಾದರು. ಆ ಬಳಿಕ ಆಫ್ಘನ್ ದೊರೆ ಅಹಮದ್ ಶಹಾ ಅಬ್ದಾಲಿಯ ದಂಡಯಾತ್ರೆಗಳಲ್ಲಿ ಮಂದಿರವು 1757, 1762 ಮತ್ತು 1764ರಲ್ಲಿ ಮೂರು ಬಾರಿ ಧ್ವಂಸವಾಯಿತು. 1757ರ ಅಪವಿತ್ರೀಕರಣವನ್ನು ಕೇಳಿ ಹೋರಾಡಲು ಬಂದ ಬಾಬಾ ದೀಪಸಿಂಹರು ಮಡಿದರು. 1762ರಲ್ಲಿ ಮಂದಿರವನ್ನು ಮದ್ದಿಟ್ಟು ಹಾರಿಸಿ, ಸರೋವರವನ್ನು ಕಸಕಲ್ಲುಗಳಿಂದ ತುಂಬಿಸಿದರು.

1764ರ ಕೊನೆಯ ಘಟನೆಗೆ ವಿಶೇಷ ಬೆಲೆಯುಳ್ಳ ಸಾಕ್ಷ್ಯವೊಂದು ದೊರೆಯುತ್ತದೆ. ಅಬ್ದಾಲಿಯ ಸೇನೆಯೊಡನೆ ಬಂದಿದ್ದ ಕಾಜಿ ನೂರ್ ಮುಹಮ್ಮದನು ತನ್ನ ಪಾರಸೀ ಪದ್ಯಕೃತಿಯಾದ ಜಂಗನಾಮೆಯಲ್ಲಿ, ಮಂದಿರವನ್ನು ಕಾಯುತ್ತಿದ್ದವರು 30 ಮಂದಿ ಮಾತ್ರವೆಂದೂ, ಅವರೆಲ್ಲರೂ ನಿರ್ಭಯವಾಗಿ ಕಾದಿ ಸತ್ತರೆಂದೂ ಬರೆದಿದ್ದಾನೆ. ಅವನು ಸಿಖ್ಖರನ್ನು ನಿಂದಿಸುವ ಲೇಖಕನು. ಹಾಗಿದ್ದೂ ಈ ಸಂಗತಿಯನ್ನು ಮುಚ್ಚಿಡದಿರುವುದರಿಂದ ಅವನ ಮಾತನ್ನು ನಂಬಲು ಅಡ್ಡಿಯಿಲ್ಲ. ಗುರುಬಖ್ಶಸಿಂಹ ಮತ್ತು ಅವನ ಸಂಗಡಿಗರ ಬಲಿದಾನವೆಂದು ಸಿಖ್ ಪರಂಪರೆ ಸ್ಮರಿಸುವುದೂ ಇದನ್ನೇ.

ಮಂದಿರದ ಪುನರ್ನಿರ್ಮಾಣವು ಜಸ್ಸಾಸಿಂಹ ಅಹ್ಲೂವಾಲಿಯಾನ ಮುಂದಾಳುತನದಲ್ಲಿ ಆರಂಭವಾಗಿ 1776ರ ಹೊತ್ತಿಗೆ ಬಹುಮಟ್ಟಿಗೆ ಮುಗಿಯಿತು. ಇಂದು ನಮಗೆ ಕಾಣುವ ಮಂದಿರದ ಒಡಲು ಆಗಿನದು. ಶತಮಾನದ ಕೊನೆಯ ಭಾಗದಲ್ಲಿ ಉದಾಸಿ ಸಾಧುಗಳ ಪ್ರಯತ್ನದಿಂದ ರಾವಿಯ ನೀರು ಹಂಸಲೀ ಕಾಲುವೆಯ ಮೂಲಕ ಸರೋವರಕ್ಕೆ ಹರಿಯಿತು. ಹೂಳೆತ್ತುವ ಸೇವೆಯನ್ನು ಭಕ್ತರೇ ಕೈಯಾರ ಮಾಡುವರು. 1923, 1973 ಮತ್ತು 2004ರಲ್ಲಿ ನಡೆದ ಕಾರಸೇವೆಗಳು ಪ್ರಸಿದ್ಧವಾಗಿವೆ. ಕೆಡವಿದವರು ಮೂರು ಬಾರಿ ಬಂದರು. ಕಟ್ಟುವವರು ಪ್ರತಿ ತಲೆಮಾರಿನಲ್ಲಿಯೂ ಬರುತ್ತಿರುವರು.

ಮೊದಲ ದಿನದ ಮಧ್ಯಾಹ್ನವನ್ನು ಲಂಗರಿನ ಪಂಕ್ತಿಯಲ್ಲಿ ಕಳೆಯಬೇಕು. ಬಳಿಕ ಪ್ರದಕ್ಷಿಣಪಥದ ಬದಿಯಲ್ಲಿ ಉಳಿದಿರುವ ರಾಮಗಢಿಯಾ ಬುಂಗಾವನ್ನೂ, ಅದರ ಎತ್ತರದ ಎರಡು ಗೋಪುರಗಳನ್ನೂ ನೋಡಬೇಕು. ಬುಂಗಾ ಎಂಬುದು ಸಿಖ್ ಸರದಾರರೂ ಪಂಥದ ವಿವಿಧ ಶಾಖೆಗಳೂ ಯಾತ್ರಿಕರ ವಸತಿಗಾಗಿಯೂ ಕ್ಷೇತ್ರದ ರಕ್ಷಣೆಗಾಗಿಯೂ ಸರೋವರದ ಸುತ್ತ ಕಟ್ಟಿಸಿದ ಮಂದಿರ. ಹಲವು ಬುಂಗಾಗಳಲ್ಲಿ ಪಾಠಶಾಲೆಗಳೂ ನಡೆಯುತ್ತಿದ್ದುವು. ಅಂಥ ಹತ್ತಾರು ಬುಂಗಾಗಳಲ್ಲಿ ಬಹುಪಾಲನ್ನು 20ನೆಯ ಶತಮಾನದ ನಡುವೆ ಪ್ರದಕ್ಷಿಣಪಥವನ್ನು ಅಗಲಗೊಳಿಸುವಾಗ ಕೆಡವಿದರು. ಮಂದಿರವು ಕೆಟ್ಟರೂ ಆರಾಧನೆ ಉಳಿಯಿತೆಂದು ಮೇಲೆ ಹೇಳಿದೆ. ಬುಂಗಾಗಳ ವಿಷಯದಲ್ಲಿ ಹಾಗಾಗಲಿಲ್ಲ. ಕಟ್ಟಡದೊಡನೆ ಅಲ್ಲಿಯ ಗುರುಶಿಷ್ಯಪಾಠವೂ ಹೋಯಿತು. ಹತ್ತಿರದಲ್ಲಿರುವ ಒಂಬತ್ತು ಅಂತಸ್ತುಗಳ ಬಾಬಾ ಅಟಲ್ ಗೋಪುರದ ಭಿತ್ತಿಚಿತ್ರಗಳನ್ನು ಕಂಡರೆ ಈ ಹಾನಿಯ ಪ್ರಮಾಣವು ಅರಿವಾಗುವುದು. ಸಂಜೆ ಹಳೆಯ ಪೇಟೆಯ ಕಟರಾಗಳಲ್ಲಿ ಅಡ್ಡಾಡಬಹುದು. ಒಬ್ಬೊಬ್ಬ ಸರದಾರನು ತನ್ನ ಅಧಿಕಾರದಲ್ಲಿ ನೆಲೆಗೊಳಿಸಿದ ಪೇಟೆಗೆ ಕಟರಾ ಎಂದು ಹೆಸರು. ಕಟರಾ ಅಹ್ಲೂವಾಲಿಯಾ ಮೊದಲಾದುವು ಆ ಕಾಲದ ಒಕ್ಕೂಟರಾಜ್ಯದ ಭೂಪಟವನ್ನೇ ಬೀದಿಗಳ ರೂಪದಲ್ಲಿ ಉಳಿಸಿಕೊಂಡಿವೆ.

4. ರಾಜ್ಯ ಮತ್ತು ಸಾಮ್ರಾಜ್ಯ

ಎರಡನೆಯ ದಿನದ ಬೆಳಗಿಗೆ ಗೋವಿಂದಗಢದ ಕೋಟೆಯೂ ರಾಮಬಾಗ್ ಉದ್ಯಾನವೂ ಸಾಕು. 1799ರಲ್ಲಿ ಲಾಹೋರನ್ನು ಹಿಡಿದ ರಣಜಿತಸಿಂಹನು ಕೆಲವು ವರ್ಷಗಳಲ್ಲಿಯೇ ಅಮೃತಸರವನ್ನೂ ಸೇರಿಸಿಕೊಂಡನು. ಭಂಗಿ ಸರದಾರರ ಕೋಟೆಯನ್ನು ಅವನು ಬಲಪಡಿಸಿ ಗೋವಿಂದಗಢವೆಂದು ಕರೆದನು. ಬಹುಕಾಲ ಸೈನ್ಯದ ವಶದಲ್ಲಿದ್ದ ಈ ಕೋಟೆಯು 2017ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 1809ರ ಏಪ್ರಿಲ್ 25ರಂದು ಈಸ್ಟ್ ಇಂಡಿಯಾ ಕಂಪನಿಯೊಡನೆ ಆದ ಒಪ್ಪಂದವು ಇದೇ ನಗರದಲ್ಲಿ ಆಯಿತು. ಸತ್ಲೆಜ್ ನದಿಯು ಎರಡು ರಾಜ್ಯಗಳ ನಡುವಣ ಎಲ್ಲೆಯಾಯಿತು. ಮಂದಿರಕ್ಕೆ ಅಮೃತಶಿಲೆಯನ್ನು ಹೊದಿಸಿ, 1830ರ ಸುಮಾರಿಗೆ ಚಿನ್ನದ ತಗಡನ್ನು ಕೂಡಿಸಿದವನೂ ರಣಜಿತಸಿಂಹನೇ. ಸ್ವರ್ಣಮಂದಿರವೆಂಬ ಹೆಸರು ಬಳಕೆಗೆ ಬಂದುದು ಈ ಚಿನ್ನದಿಂದ. ಅಂದರೆ ಯಾತ್ರಿಕರನ್ನು ಸೆಳೆಯುವ ಚಿನ್ನವು ಕ್ಷೇತ್ರದ ಚರಿತ್ರೆಯಲ್ಲಿ ತೀರ ಈಚಿನದು.

1849ರಲ್ಲಿ ಪಂಜಾಬು ಬ್ರಿಟಿಷರ ವಶವಾಯಿತು. ಅವರು ಸರೋವರದ ದಡದಲ್ಲಿಯೇ ಯೂರೋಪಿನ ಗಾಥಿಕ್ ಶೈಲಿಯ ಕೆಂಪು ಗಡಿಯಾರ ಗೋಪುರವೊಂದನ್ನು ಕಟ್ಟಿಸಿದರು. ಅದನ್ನು 1940ರ ದಶಕದಲ್ಲಿ ಕೆಡವಿದರು. ಮಂದಿರದ ಆಡಳಿತವನ್ನೂ ಸರ್ಕಾರವು ಪರೋಕ್ಷವಾಗಿ ತನ್ನ ಹಿಡಿತದಲ್ಲಿಟ್ಟುಕೊಂಡಿತ್ತು. ನಿತ್ಯಕ್ರಮವು ಉಳಿಯಿತೆಂದು ಹೇಳುವಾಗ ಅದು ಮಾರ್ಪಾಟಿಲ್ಲದೆ ಉಳಿಯಿತೆಂದು ಅರ್ಥಮಾಡಬಾರದು. 1905ರಲ್ಲಿ ಪ್ರಾಕಾರದೊಳಗಿದ್ದ ದೇವತಾಮೂರ್ತಿಗಳನ್ನು ಹೊರಸಾಗಿಸಿದರು. 1920ರ ಅಕ್ಟೋಬರ್ 12ರಂದು ಅಸ್ಪೃಶ್ಯರೆನಿಸಿದ್ದ ಸಿಖ್ಖರು ತಂದ ಪ್ರಸಾದವನ್ನು ಅರ್ಚಕರು ಸ್ವೀಕರಿಸಲು ಹಿಂಜರಿದಾಗ ವಿವಾದವೆದ್ದಿತು. ಕೊನೆಗೆ ಅವರ ಪ್ರಸಾದವು ಸ್ವೀಕೃತವಾಯಿತು. ನಾಲ್ಕು ಬಾಗಿಲುಗಳ ಅರ್ಥವನ್ನು ಕಟ್ಟಿದ ಮೂರು ಶತಮಾನಗಳ ಬಳಿಕವೂ ವಾದಿಸಿ ಗೆಲ್ಲಬೇಕಾಯಿತು. ಆ ವರ್ಷವೇ ಶಿರೋಮಣಿ ಗುರುದ್ವಾರಾ ಪ್ರಬಂಧಕ ಸಮಿತಿ ಹುಟ್ಟಿತು. 1925ರ ಕಾಯಿದೆಯು ಅದಕ್ಕೆ ಅಧಿಕಾರವನ್ನು ದೃಢಪಡಿಸಿತು.

5. ಜಲಿಯನ್‌ವಾಲಾ ಬಾಗ್ ಮತ್ತು ವಿಭಜನೆ

ಮಂದಿರದಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ ಜಲಿಯನ್‌ವಾಲಾ ಬಾಗ್ ಇದೆ. 1919ರ ಏಪ್ರಿಲ್ 13, ವೈಶಾಖಿಯ ದಿನ. ರೌಲತ್ ಕಾಯಿದೆಯ ವಿರುದ್ಧ ಚಳವಳಿ ನಡೆಯುತ್ತಿದ್ದ ಕಾಲದಲ್ಲಿ, ಕಿಚ್ಲು ಮತ್ತು ಸತ್ಯಪಾಲರ ಬಂಧನದಿಂದ ಊರು ಕುದಿಯುತ್ತಿತ್ತು. ಅಂದು ಸಂಜೆ ಜನರಲ್ ಡಯರನು 50 ಮಂದಿ ಬಂದೂಕುಧಾರಿಗಳನ್ನು ಇಕ್ಕಟ್ಟಿನ ಓಣಿಯ ಮೂಲಕ ಒಳಕ್ಕೆ ನಡೆಸಿ, ಮುನ್ನೆಚ್ಚರಿಕೆಯಿಲ್ಲದೆ ಗುಂಡು ಹಾರಿಸಿದನು. ಹಾರಿದ ಗುಂಡುಗಳು 1650. ಸತ್ತವರು 379 ಎಂಬುದು ಸರ್ಕಾರದ ಲೆಕ್ಕ. ಸುಮಾರು 1000 ಎಂಬುದು ಕಾಂಗ್ರೆಸ್ ವಿಚಾರಣೆಯ ಅಂದಾಜು. ಡಯರನ ಕವಚವಾಹನಗಳು ಒಳಗೆ ಬಾರದೆ ಹೊರಗೆ ನಿಂತುದು ಆ ಓಣಿಯ ಕಿರಿದುತನದಿಂದ. ಹೀಗಾಗಿ ಆ ಓಣಿಯೇ ಒಂದು ಪ್ರಮಾಣಪತ್ರ.

ಇಲ್ಲಿ ನಮ್ಮ ವಿಚಾರವು ತಿರುವನ್ನು ಪಡೆಯುತ್ತದೆ. ಹರಿಮಂದಿರದಲ್ಲಿ ಗೋಡೆಯನ್ನು ಹೊಸದಾಗಿ ಕಟ್ಟಿದರೂ ನಿತ್ಯವಿಧಿಯು ಹಳೆಯದನ್ನು ಹೊತ್ತು ತರುತ್ತದೆ. ಜಲಿಯನ್‌ವಾಲಾ ಬಾಗಿನಲ್ಲಿ ಅಂಥ ವಿಧಿಯಿಲ್ಲ. ಅಲ್ಲಿ ಗೋಡೆ, ಓಣಿ, ಬಾವಿ ಇವುಗಳೇ ಸಾಕ್ಷಿಗಳು. 1961ರಲ್ಲಿ ಅಲ್ಲಿ ಸ್ಮಾರಕಸ್ತಂಭವು ಅನಾವರಣಗೊಂಡಿತು. 2021ರ ನವೀಕರಣದಲ್ಲಿ ಪ್ರವೇಶದ ಓಣಿಯ ಗೋಡೆಗಳಿಗೆ ಉಬ್ಬುಶಿಲ್ಪಗಳನ್ನು ಸೇರಿಸಿದರು, ಬಾವಿಗೆ ಗಾಜಿನ ಆವರಣವನ್ನು ಕಟ್ಟಿದರು. ಇತಿಹಾಸಜ್ಞರಲ್ಲಿ ಹಲವರು ಇದನ್ನು ಆಕ್ಷೇಪಿಸಿದರು. ಅಲಂಕಾರವು ಆರಾಧನಾಸ್ಥಾನಕ್ಕೆ ಸೇವೆಯಾಗಬಹುದು, ಸಾಕ್ಷ್ಯಸ್ಥಾನಕ್ಕೆ ಅದು ಹಾನಿ. ಓಣಿಯಲ್ಲಿ ನಡೆಯುವಾಗ ಯಾತ್ರಿಕನು ಶಿಲ್ಪಗಳನ್ನು ನೋಡುವುದರ ಬದಲು ಅದರ ಅಗಲವನ್ನು ಅಳೆಯಲಿ. ಗುಂಡಿನ ಗುರುತುಗಳುಳ್ಳ ಗೋಡೆಯ ಬಳಿ ಹೆಚ್ಚು ಹೊತ್ತು ನಿಲ್ಲಲಿ.

ಅಲ್ಲಿಂದ ಹಳೆಯ ಟೌನ್‌ಹಾಲಿಗೆ ಹೋಗಬೇಕು. 2017ರಲ್ಲಿ ಆರಂಭವಾದ ವಿಭಜನೆಯ ವಸ್ತುಸಂಗ್ರಹಾಲಯವು ಇಲ್ಲಿದೆ. 1947ರ ಬೆಂಕಿಯಲ್ಲಿ ಹಳೆಯ ಪೇಟೆಯ ದೊಡ್ಡ ಭಾಗಗಳು ಸುಟ್ಟುಹೋದುವು. ಸುಮಾರು 50 ಕಿಲೋಮೀಟರ್ ದೂರದ ಲಾಹೋರು ಬೇರೆ ರಾಷ್ಟ್ರವಾಯಿತು. ಗುರು ನಾನಕರ ಜನ್ಮಸ್ಥಳವೂ, ಗುರು ಅರ್ಜುನದೇವರು ಬಲಿಯಾದ ಸ್ಥಳವೂ ಗಡಿಯ ಆಚೆ ಉಳಿದುವು. ಗಡಿಯ ಅಟಾರಿಗೆ ಹೋಗಬೇಕೆಂಬವರು ಈ ವಸ್ತುಸಂಗ್ರಹಾಲಯವನ್ನು ನೋಡಿದ ಮೇಲೆಯೇ ಹೋಗಲಿ. 1959ರಿಂದ ನಡೆದುಬಂದ ಧ್ವಜಾವರೋಹಣದ ಕವಾಯತನ್ನು 2025ರ ಏಪ್ರಿಲಿನ ಪಹಲ್ಗಾಮ್ ಹತ್ಯೆಯ ತರುವಾಯ ಸಂಕ್ಷೇಪಿಸಿದುದರಿಂದ, ಹೊರಡುವ ಮುನ್ನ ವಿಚಾರಿಸುವುದು ಮೇಲು.

6. ಉಪಸಂಹಾರ

ಕ್ಷೇತ್ರದ ಚರಿತ್ರೆಯಲ್ಲಿ ತೀರ ಈಚಿನ ಗಾಯವು 1984ರ ಜೂನ್ ತಿಂಗಳಿನದು. ಪ್ರಾಕಾರದೊಳಗೆ ನೆಲೆಮಾಡಿದ್ದ ಶಸ್ತ್ರಧಾರಿಗಳ ವಿರುದ್ಧ ಸೈನ್ಯವು ನಡೆಸಿದ ಕಾರ್ಯಾಚರಣೆಯಲ್ಲಿ ಬಹಳ ಮಂದಿ ಸತ್ತರು. ಅವರಲ್ಲಿ ಯಾತ್ರಿಕರೂ ಇದ್ದರು. ಅಕಾಲ ತಖ್ತು ಹಾಳಾಯಿತು. ಸಿಖ್ ಗ್ರಂಥಭಂಡಾರವು ನಾಶವಾಯಿತು. ಸರ್ಕಾರವು ತಖ್ತನ್ನು ಕೂಡಲೆ ಕಟ್ಟಿಸಿಕೊಟ್ಟಿತು. ಆದರೆ ಸಿಖ್ಖರು ಅದನ್ನು ಒಪ್ಪದೆ 1986ರಲ್ಲಿ ಕೆಡವಿ, ಕಾರಸೇವೆಯಿಂದ ತಾವೇ ಮತ್ತೆ ಕಟ್ಟಿದರು. ಒಂದೇ ಸ್ಥಳದಲ್ಲಿ ಒಂದೇ ಬಗೆಯ ಕಟ್ಟಡ. ಕಟ್ಟಿದ ಕೈ ಯಾರದೆಂಬುದೇ ಅಲ್ಲಿ ಪ್ರಶ್ನೆಯಾಯಿತು. ಕಟ್ಟಡಕ್ಕಿಂತ ಕಟ್ಟುವ ಸೇವೆಯೇ ಈ ಕ್ಷೇತ್ರದಲ್ಲಿ ಹಿರಿದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಕಾಗಿಲ್ಲ. ಗ್ರಂಥಭಂಡಾರದಲ್ಲಿ ನಾಶವಾದ ಹಸ್ತಪ್ರತಿಗಳನ್ನಾದರೋ ಯಾವ ಸೇವೆಯೂ ಮತ್ತೆ ಬರೆಯಲಾರದು.

ಮೇಲಿನ ವಿಚಾರದಿಂದ ಯಾತ್ರಾಕ್ರಮವು ತಾನಾಗಿಯೇ ಸಿದ್ಧಿಸುತ್ತದೆ. ಮೊದಲ ರಾತ್ರಿ ಸುಖಾಸನ, ಮುಂಜಾವಿನಲ್ಲಿ ಪ್ರಕಾಶ; ಹಗಲು ಅಕಾಲ ತಖ್ತು, ಲಂಗರು, ಬುಂಗಾ, ಬಾಬಾ ಅಟಲ್; ಸಂಜೆ ಕಟರಾಗಳು. ಎರಡನೆಯ ದಿನ ಗೋವಿಂದಗಢ, ರಾಮಬಾಗ್, ಜಲಿಯನ್‌ವಾಲಾ ಬಾಗ್, ಟೌನ್‌ಹಾಲು. ಬೇಸಗೆಯ ಬಿಸಿಲು ಅತಿ ತೀಕ್ಷ್ಣವಾದುದರಿಂದಲೂ, ಪುಷ್ಯ ಮಾಘಗಳಲ್ಲಿ ಮಂಜು ಕವಿದು ರೈಲುಗಳು ತಡವಾಗುವುದರಿಂದಲೂ, ಕಾರ್ತಿಕ ಇಲ್ಲವೆ ಫಾಲ್ಗುಣ ಮಾಸವು ಅನುಕೂಲ. ದೀಪಾವಳಿ, ವೈಶಾಖಿಗಳಂದು ಜನಸಂದಣಿ ವಿಪರೀತ. ಆದರೆ ಆ ಎರಡು ಹಬ್ಬಗಳಿಗಾಗಿ ಜನರು ಪ್ರಾಣವನ್ನು ತೆತ್ತ ಚರಿತ್ರೆಯನ್ನು ಬಲ್ಲವನು ಆ ಸಂದಣಿಯನ್ನು ಉಪದ್ರವವೆಂದು ಎಣಿಸಲಾರನು. ಸಮಯವು ಇನ್ನೂ ಕಡಮೆಯಿದ್ದರೆ ಕೋಟೆಯನ್ನೂ ಗಡಿಯನ್ನೂ ಬಿಡಬಹುದು. ರಾತ್ರಿಯ ಪಲ್ಲಕ್ಕಿಯನ್ನೂ ಬಾಗಿನ ಓಣಿಯನ್ನೂ ಬಿಡಬಾರದು. ವಿಧಿಯಲ್ಲಿ ಉಳಿದ ಚರಿತ್ರೆಗೆ ಮೊದಲನೆಯದು ಸಾಕ್ಷಿ, ನೆಲದಲ್ಲಿ ಉಳಿದ ಚರಿತ್ರೆಗೆ ಎರಡನೆಯದು. ಇವೆರಡಕ್ಕೂ ಬೇಕಾದ ರಕ್ಷಣೆ ಒಂದೇ ಬಗೆಯದಲ್ಲವೆಂಬುದನ್ನು ಅರಿತು ಮರಳಿದ ಯಾತ್ರಿಕನು ನಮ್ಮ ನಾಡಿನ ಪುಣ್ಯಕ್ಷೇತ್ರಗಳನ್ನೂ ಸ್ಮಾರಕಗಳನ್ನೂ ಇನ್ನಷ್ಟು ಎಚ್ಚರದಿಂದ ನೋಡುವನೆಂಬುದು ನಮ್ಮ ನಂಬಿಕೆ.